ಕರೆಂಟು ಚಪ್ಪಲಿ ಹಾಕ್ಕೊಂಡು ಹೋಯ್ತಾ?

ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಶಿವಮೊಗ್ಗದ ನಮ್ಮ ಮನೆಗೆ ಬಂದ ಮೊದಲ ಸಂಜೆಯೇ ಕರೆಂಟು ಹೋಯಿತು. ನಾನು ಟಾರ್ಚಿಗಾಗಿ ತಡಕಾಡುತ್ತಿದ್ದೆ. ನಾಲ್ಕು ವರ್ಷದ ಪುಟ್ಟಿ ನನ್ನ ಪಂಚೆಯ ತುದಿ ಹಿಡಿದುಕೊಂಡು ಕೇಳಿದಳು:

“ಅಜ್ಜಾ, ಏನಾಯ್ತು?”

“ಕರೆಂಟು ಹೋಯ್ತು ಪುಟ್ಟಿ. ಬರತ್ತೆ, ಹೆದರಬೇಡ.”

“ಚಪ್ಪಲಿ ಹಾಕ್ಕೊಂಡು ಹೋಯ್ತಾ?”

ಕತ್ತಲಲ್ಲೇ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದ ಮೇಲೆ ಯೋಚನೆ ಬಂತು. ಮಗು ಕೇಳಿದ್ದರಲ್ಲಿ ತಪ್ಪೇನಿದೆ? ಅಪ್ಪ ಆಫೀಸಿಗೆ ಹೋಗುತ್ತಾನೆ, ಅಜ್ಜಿ ದೇವಸ್ಥಾನಕ್ಕೆ ಹೋಗುತ್ತಾಳೆ, ಅಣ್ಣ ಶಾಲೆಗೆ ಹೋಗುತ್ತಾನೆ. ಹೋಗುವವರೆಲ್ಲ ಕಾಲಿಗೆ ಏನಾದರೂ ಹಾಕಿಕೊಂಡೇ ಹೋಗುವುದು. ಕರೆಂಟು ‘ಹೋಯ್ತು’ ಎಂದವನು ನಾನೇ ತಾನೆ?

ನಮ್ಮ ಕನ್ನಡದಲ್ಲಿ ಬರುವ ಹೋಗುವ ವ್ಯವಹಾರ ಬಹಳ. ಮಳೆ ಬರುತ್ತದೆ, ಹಬ್ಬ ಬರುತ್ತದೆ. ಕೋಪ, ಜ್ವರ, ನಿದ್ದೆ, ಎಲ್ಲವೂ ಬರುತ್ತವೆ. ಆ ವಾರ ಅಜ್ಜಿಗೆ ಜ್ವರ ಬಂತು ಎಂದಾಗ ಪುಟ್ಟಿ, “ಯಾವ ಬಸ್ಸಿಗೆ ಬಂತು?” ಎಂದಳು. ಅವಳೂ ಬಸ್ಸಿನಲ್ಲೇ ಬಂದವಳಲ್ಲವೇ? “ಇನ್ನೂ ನಿದ್ದೆ ಬಂದಿಲ್ವಾ?” ಎಂದು ಅವಳಮ್ಮ ಗದರಿದರೆ, “ಬಾಗಿಲು ಹಾಕಿದ್ದೀಯಲ್ಲ, ಅದು ಹೆಂಗೆ ಬರತ್ತೆ?” ಎಂದಳು. ಪ್ರಶ್ನೆ ಮೇಲೆ ಪ್ರಶ್ನೆ ತಾಳಲಾರದೆ ನಾನು, “ತಲೆ ತಿನ್ನಬೇಡ ಕಣೇ” ಎಂದೆ. ಅವಳು ಕುರ್ಚಿ ಹತ್ತಿ ನನ್ನ ಬೋಳುತಲೆಯನ್ನು ಸುತ್ತಲೂ ಸವರಿ ನೋಡಿ ವರದಿ ಒಪ್ಪಿಸಿದಳು: “ಎಲ್ಲೂ ಕಚ್ಚಿಲ್ಲ ಅಜ್ಜಾ, ಪೂರ್ತಿ ಇದೆ.”

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ತಪ್ಪು ಹುಡುಕುವುದೇ ನಮ್ಮ ಕಸುಬು. ಹತ್ತು ಪೈಸೆ ವ್ಯತ್ಯಾಸ ಬಂದರೂ ಲೆಡ್ಜರುಗಳನ್ನೆಲ್ಲ ಹರಡಿಕೊಂಡು ಕೂರುತ್ತಿದ್ದೆವು. ಅದೇ ಅಭ್ಯಾಸದಿಂದ ಪುಟ್ಟಿಯ ಮಾತುಗಳನ್ನೂ ತಾಳೆ ಹಾಕಿ ನೋಡಿದೆ. ಕೂಡಿಸಿದ್ದೆಲ್ಲ ಸರಿಯಾಗಿಯೇ ಇತ್ತು. ಅವಳ ಕೈಗೆ ನಾವು ಕೊಟ್ಟ ಅಂಕಿಗಳು ಸಾಲದೇ ಹೋಗಿದ್ದವು, ಅಷ್ಟೇ.

ಕೊಡಿದೆ, ಬಿಡಿದೆ

ಒಂದು ದಿನ ಪುಟ್ಟಿ ಓಡಿಬಂದು, “ಅಜ್ಜಾ, ಅಣ್ಣಂಗೆ ಚಾಕೊಲೇಟು ಕೊಡಿದೆ” ಎಂದಳು. ಐದನೇ ತರಗತಿಯ ಅಣ್ಣ ತಕ್ಷಣ, “ಕೊಡಿದೆ ಅಲ್ಲ ಕಣೇ, ಕೊಟ್ಟೆ” ಎಂದು ತಿದ್ದಿದ. ಅವಳು ಕೇಳಬೇಕಲ್ಲ! ಸಂಜೆ “ಬೆಕ್ಕನ್ನ ಹೊರಗೆ ಬಿಡಿದೆ” ಎಂದಳು.

ನಮ್ಮ ಮನೆಯಲ್ಲಿ ಯಾರೂ ‘ಕೊಡಿದೆ’ ಎನ್ನುವುದಿಲ್ಲ. ಹಾಗಾದರೆ ಅವಳು ಯಾರಿಂದ ಕಲಿತಳು? ಶಾಲೆಯಲ್ಲಿ ಪಾಠ ಮಾಡುವ ನನ್ನ ಸೊಸೆ ಇದನ್ನು ಬಿಡಿಸಿ ಹೇಳಿದಳು. “ಮಾವ, ಮಾಡು–ಮಾಡಿದೆ, ಹಾಡು–ಹಾಡಿದೆ, ಓಡು–ಓಡಿದೆ, ನೋಡು–ನೋಡಿದೆ. ಹಾಗಾದ್ರೆ ಕೊಡು?” ನಾನು ಬಾಯಿ ಮುಚ್ಚಿಕೊಂಡೆ. ಯಾರೂ ಕಲಿಸದ ನಿಯಮವನ್ನು ಮಗು ತಾನೇ ಕಂಡುಹಿಡಿದು ನಡೆಸುತ್ತಿತ್ತು. ನಿಯಮ ಮುರಿದದ್ದು ಕನ್ನಡ, ಪುಟ್ಟಿಯಲ್ಲ!

1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ಭಾಷಾತಜ್ಞೆ ಇದನ್ನೇ ಒಂದು ಆಟದಿಂದ ತೋರಿಸಿಕೊಟ್ಟರಂತೆ. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ತೋರಿಸಿ, ‘ಇದು ವಗ್’ ಎಂದರು. ಅಂಥ ಪ್ರಾಣಿಯೂ ಇಲ್ಲ, ಇಂಗ್ಲಿಷಿನಲ್ಲಿ ಆ ಪದವೂ ಇಲ್ಲ. ಆಮೇಲೆ ಎರಡನ್ನು ತೋರಿಸಿ ಇವು ಏನು ಎಂದರೆ ಪುಟ್ಟ ಮಕ್ಕಳು ‘ವಗ್ಸ್’ ಎಂದರು. ಎಂದೂ ಕೇಳದ ಪದಕ್ಕೂ ಬಹುವಚನ ಮಾಡಿದರು. ಮಕ್ಕಳು ಗಿಳಿಪಾಠ ಒಪ್ಪಿಸುವುದಿಲ್ಲ, ಲೆಕ್ಕ ಹಾಕಿ ಮಾತಾಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪುಟ್ಟಿ ಎಣಿಸುವುದೂ ಹಾಗೆಯೇ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು, ಇಪ್ಪತ್ತಹನ್ನೊಂದು! ನೋಟೆಣಿಸಿ ಬೆರಳು ಸವೆಸಿದ ನಾನೇ ಕೂಡಿ ನೋಡಿದೆ. ಇಪ್ಪತ್ತಕ್ಕೆ ಹನ್ನೊಂದು ಸೇರಿದರೆ ಮೂವತ್ತೊಂದು. ಒಂದು ಪೈಸೆ ವ್ಯತ್ಯಾಸವಿಲ್ಲ.

ಮಜ್ಜಿಗೆಯೂ ನಾಳೆಯೂ

ಮಧ್ಯಾಹ್ನ ಇಬ್ಬರಿಗೂ ಸಮನಾಗಿ ಮಜ್ಜಿಗೆ ಕೊಟ್ಟರೆ ಜಗಳ. ಅಣ್ಣನದು ಉದ್ದನೆಯ ಲೋಟ, ಪುಟ್ಟಿಯದು ಅಗಲವಾದ ಗಿಡ್ಡ ಲೋಟ. “ಅವನಿಗೇ ಜಾಸ್ತಿ!” ಎಂದು ಅಳು. ಅಜ್ಜಿ ಅವಳೆದುರಿಗೇ ಅವಳ ಮಜ್ಜಿಗೆಯನ್ನು ಇನ್ನೊಂದು ಉದ್ದ ಲೋಟಕ್ಕೆ ಸುರಿದರು. ಅಳು ನಿಂತಿತು. “ಈಗ ಸರಿಯಾಯ್ತು, ಜಾಸ್ತಿ ಆಯ್ತು.” ಅಣ್ಣ ತಲೆ ಚಚ್ಚಿಕೊಂಡ. “ಎರಡೂ ಒಂದೇ ಕಣೇ!”

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ಮನೋವಿಜ್ಞಾನಿ ಇಂಥದೇ ಲೋಟಗಳನ್ನು ಇಟ್ಟುಕೊಂಡು ಮಕ್ಕಳನ್ನು ಪರೀಕ್ಷಿಸಿದ್ದರು. ನಾಲ್ಕೈದು ವರ್ಷದ ಮಕ್ಕಳು ಎತ್ತರ ನೋಡಿ ತೀರ್ಪು ಕೊಡುತ್ತಾರೆ. ಏಳರ ಸುಮಾರಿಗೆ, ಸುರಿದ ಮಾತ್ರಕ್ಕೆ ನೀರು ಹೆಚ್ಚಾಗದು ಎಂಬುದು ಹೊಳೆಯುತ್ತದೆ. ಅಣ್ಣನಿಗೆ ಇದನ್ನು ಹೇಳಿ, “ನೀನೂ ನಾಲ್ಕು ವರ್ಷದವನಿದ್ದಾಗ ಇದೇ ಜಗಳ ಆಡಿದ್ದೆ” ಎಂದೆ. ಅವನು ನಂಬಲಿಲ್ಲ!

ಕಷ್ಟವಾದದ್ದು ‘ನಾಳೆ’. “ತುಂಗಾ ಹೊಳೆಗೆ ಕರ್ಕೊಂಡು ಹೋಗು” ಎಂದವಳಿಗೆ “ನಾಳೆ” ಎಂದಿದ್ದೆ. ಬೆಳಗಾಗುತ್ತಲೇ, “ಅಜ್ಜಾ, ಇವತ್ತು ನಾಳೆ ತಾನೆ?” ಎಂದು ಬಂದಳು. ಹಿಂದೆ ದೆವ್ವದ ಸುದ್ದಿ ಹಬ್ಬಿ, ಜನ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನನ್ನ ವಾರಿಗೆಯವರಿಗೆ ನೆನಪಿರಬಹುದು. ದೆವ್ವ ಓದಿಕೊಂಡು ಸುಮ್ಮನೆ ಹಿಂದಿರುಗುತ್ತಿತ್ತಂತೆ. ಪುಟ್ಟಿಗೆ ಓದು ಬಾರದು. ಚಪ್ಪಲಿ ಹಾಕಿಕೊಂಡು ಹೊರಟೆ.

ನಗು ಬೇರೆ, ನಗೆಪಾಟಲು ಬೇರೆ

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು.

ಮುಂದಿನ ಭಾನುವಾರ ಮನೆಗೆ ನೆಂಟರು ಬಂದಿದ್ದರು. ಊಟವಾದ ಮೇಲೆ ನಾನು ಉಮೇದಿನಿಂದ, “ಪುಟ್ಟಿ, ಕರೆಂಟು ಹೆಂಗೆ ಹೋಯ್ತು ಹೇಳು” ಎಂದೆ. ಮಗು ಅತ್ತಿತ್ತ ನೋಡಿ, ಮೆಲ್ಲಗೆ, “ಚಪ್ಪಲಿ ಹಾಕ್ಕೊಂಡು” ಎಂದಿತು. ಹನ್ನೆರಡು ಜನ ಒಟ್ಟಿಗೆ ನಕ್ಕರು. ಒಬ್ಬರು ಫೋನು ಹಿಡಿದು, “ಇನ್ನೊಂದ್ಸಲ ಹೇಳು, ವಿಡಿಯೊ ಮಾಡ್ಕೊಳ್ತೀನಿ” ಎಂದರು. ಪುಟ್ಟಿ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡಳು. “ನಾಚಿಕೆ” ಎಂದು ಮತ್ತೆ ನಕ್ಕೆವು.

ಎರಡು ದಿನ ಕಳೆದು ಗುಡುಗು ಮಳೆ ಬಂದು ಕರೆಂಟು ಹೋಯಿತು. ನಾನು ಅವಳ ಮಾತಿಗಾಗಿ ಕಾದೆ. ಪುಟ್ಟಿ ತುಟಿ ಬಿಚ್ಚಲಿಲ್ಲ. ಪಕ್ಕಕ್ಕೆ ಕೂರಿಸಿಕೊಂಡು “ಯಾಕೆ ಪುಟ್ಟಿ?” ಎಂದೆ. ತುಂಬಾ ಹೊತ್ತಿನ ಮೇಲೆ ಕತ್ತಲಲ್ಲಿ ಸಣ್ಣ ದನಿ ಬಂತು: “ಅಜ್ಜಾ, ನಾನು ತಪ್ಪು ಹೇಳಿದ್ನಾ? ಎಲ್ಲರೂ ನಗ್ತಾರೆ.”

ಎದೆಗೆ ನಾಟಿತು. ಮೊದಲ ಸಂಜೆ ನಾವು ನಕ್ಕಾಗ ಅವಳೂ ನಮ್ಮ ಜೊತೆ ನಕ್ಕಿದ್ದಳು. ಭಾನುವಾರ ನಕ್ಕಾಗ ಅವಳೊಬ್ಬಳೇ ನಕ್ಕಿರಲಿಲ್ಲ. ಅವಳು ಕೇಳಿದ್ದು ಪ್ರಶ್ನೆ. ನಾನು ಉತ್ತರ ಕೊಡದೆ ಅದನ್ನು ತಮಾಷೆ ಮಾಡಿ ನೆಂಟರಿಗೆ ಹಂಚಿದ್ದೆ.

“ತಪ್ಪು ನಿಂದಲ್ಲ ಪುಟ್ಟಿ, ಅಜ್ಜಂದು” ಎಂದೆ. ಆಮೇಲೆ, ಮೊದಲ ದಿನವೇ ಕೊಡಬೇಕಿದ್ದ ಉತ್ತರ ಕೊಟ್ಟೆ. ಶರಾವತಿ ಅನ್ನೋ ಹೊಳೆ ಇದೆ. ಲಿಂಗನಮಕ್ಕಿಯಲ್ಲಿ ಅದಕ್ಕೆ ದೊಡ್ಡ ಕಟ್ಟೆ ಕಟ್ಟಿದ್ದಾರೆ. ನೀರು ದಪ್ಪ ಕೊಳವೆಗಳಲ್ಲಿ ಕೆಳಗೆ ಧುಮುಕಿ ಚಕ್ರ ತಿರುಗಿಸತ್ತೆ, ಚಕ್ರ ತಿರುಗಿದರೆ ಕರೆಂಟು ಹುಟ್ಟತ್ತೆ. ಅದಕ್ಕೆ ಕಾಲಿಲ್ಲ, ಚಪ್ಪಲಿ ಬೇಡ. ಕಂಬದಿಂದ ಕಂಬಕ್ಕೆ ತಂತಿ ಹಿಡ್ಕೊಂಡು ಬರತ್ತೆ.

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು. “ಹಂಗಾದ್ರೆ ದಾರೀಲಿ ಬಿದ್ದುಬಿಟ್ಟಿದೆ.”

ಮಾರನೇ ಬೆಳಿಗ್ಗೆ ಹಾಲು ತರಲು ಹೋದಾಗ ನೋಡಿದೆ. ಮುಂದಿನ ರಸ್ತೆಯಲ್ಲಿ ಮರದ ಕೊಂಬೆ ಮುರಿದು ತಂತಿ ನೆಲಕ್ಕೆ ಬಿದ್ದಿತ್ತು. ಲೈನ್‌ಮನ್ ಕಂಬ ಹತ್ತಿದ್ದ. ಮನೆಗೆ ಬಂದು ಹೇಳಿದೆ. ಪುಟ್ಟಿ, “ನಾನು ಹೇಳಿದ್ನಲ್ಲ” ಎಂದಳು. ಈ ಸಲ ಯಾರೂ ನಗಲಿಲ್ಲ, ಅವಳು ಮಾತ್ರ ನಕ್ಕಳು.

ಹಾಲಿನ ಲೆಕ್ಕದ ನಡುವೆ

ಈ ಮಾತುಗಳನ್ನೆಲ್ಲ ಬರೆದಿಡಬೇಕು ಎನ್ನಿಸಿ ಒಂದು ನೋಟ್‌ಬುಕ್ ಹುಡುಕುತ್ತಿದ್ದೆ. ನನ್ನಾಕೆ ಬೀರು ತೆಗೆದು ಒಂದು ಹಳೆಯ ಬ್ಯಾಂಕ್ ಡೈರಿ ಕೈಗಿಟ್ಟಳು. “ನೀವು ಈಗ ಶುರು ಮಾಡ್ತೀರಾ? ನಾನು ನಲವತ್ತು ವರ್ಷದ ಹಿಂದೆಯೇ ಶುರು ಮಾಡಿದ್ದೆ ಕಣ್ರೀ.”

ಹಾಲಿನ ಲೆಕ್ಕ, ಅಗಸರ ಲೆಕ್ಕದ ನಡುನಡುವೆ ನಮ್ಮ ಮಗನ ಬಾಲಭಾಷೆ! ಒಂದೂ ನನಗೆ ನೆನಪಿರಲಿಲ್ಲ. ನೆನಪಿರುವುದು ಹೇಗೆ? ಆಗ ನನಗೆ ದೂರದ ಶಾಖೆಗೆ ವರ್ಗವಾಗಿತ್ತು. ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುತ್ತಿದ್ದೆ. ಆ ಕಾಲದಲ್ಲಿ ಬ್ಯಾಂಕುಗಳಿಗೆ ಜೂನ್ 30 ಮತ್ತು ಡಿಸೆಂಬರ್ 31 ಅರ್ಧ ವರ್ಷದ ಲೆಕ್ಕ ಮುಗಿಸುವ ದಿನಗಳು. ಬಡ್ಡಿಯನ್ನೆಲ್ಲ ಕೈಯಲ್ಲೇ ಹಾಕಬೇಕು. ಆ ವಾರಗಳಲ್ಲಿ ಅದೂ ಇಲ್ಲ. ಅಂಥದೊಂದು ಜೂನ್ ಕೊನೆಯ ಪುಟದಲ್ಲಿ ನನ್ನಾಕೆಯ ದುಂಡು ಅಕ್ಷರ:

“ಮಗು ಕೇಳಿತು: ಅಮ್ಮಾ, ಶನಿವಾರ ಬರೋ ನೆಂಟರು ಈ ಸಲ ಯಾಕೆ ಬಂದಿಲ್ಲ?”

ಓದಿ ಡೈರಿ ಮಡಿಚಿದೆ. ಆ ಜೂನಿನ ಲೆಡ್ಜರು ಖಂಡಿತ ಪೈಸೆಗೆ ಪೈಸೆ ತಾಳೆಯಾಗಿತ್ತು. ಸಂಜೆ ಮಗನಿಗೆ ತೋರಿಸಿದೆ. ಅವನು ಓದಿ ನಕ್ಕ. “ಬಿಡಿ ಅಪ್ಪ, ನನಗೆ ನೆನಪೇ ಇಲ್ಲ” ಎಂದ. ಆದರೆ ಮಾರನೆಯ ದಿನದಿಂದ ರಾತ್ರಿ ಊಟದ ಹೊತ್ತಿಗೆ ಫೋನು ಪಕ್ಕಕ್ಕಿಟ್ಟು ಪುಟ್ಟಿಯ ಹತ್ತಿರ ಕೂರತೊಡಗಿದ. ನಾನೇನೂ ಹೇಳಿರಲಿಲ್ಲ.

ಮಕ್ಕಳನ್ನು ಕಂಡು ಬರೆದಿಟ್ಟವರಲ್ಲಿ ದೊಡ್ಡವರೂ ಇದ್ದಾರೆ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಅಳು, ನಗು, ಕೋಪಗಳನ್ನು ಗುರುತು ಹಾಕಿಕೊಂಡು, 1877ರಲ್ಲಿ ಅದರ ಮೇಲೆ ಲೇಖನ ಪ್ರಕಟಿಸಿದ. ರಷ್ಯಾದ ಮಕ್ಕಳ ಸಾಹಿತಿ ಕೊರ್ನೇಯ್ ಚುಕೋವ್‌ಸ್ಕಿ ಪುಟಾಣಿಗಳ ನುಡಿಗಳನ್ನು ಕೂಡಿಹಾಕಿ ಪುಸ್ತಕವನ್ನೇ ಬರೆದರು. ಅದರ ಹೆಸರು ‘ಎರಡರಿಂದ ಐದರವರೆಗೆ’. ನನ್ನಾಕೆ ಇವರನ್ನು ಓದಿದವಳಲ್ಲ. ಹಾಲಿನ ಲೆಕ್ಕ ಬರೆಯುವಾಗ ಇದೂ ಉಳಿಯಲಿ ಎಂದು ಬರೆದಳು.

ಅಜ್ಜ ಅಜ್ಜಿಯರೇ, ನಮಗೀಗ ಹೊತ್ತಿದೆ. ಒಂದು ನೋಟ್‌ಬುಕ್ ಸಾಕು. ತಾರೀಖು, ಮಗುವಿನ ವಯಸ್ಸು, ಆಡಿದ ಮಾತು. ‘ಕೊಡಿದೆ’ ಎಂದಿದ್ದರೆ ‘ಕೊಡಿದೆ’ ಎಂದೇ ಬರೆಯಿರಿ, ತಿದ್ದಬೇಡಿ. ಆ ಮಾತಿಗೆ ಮೊದಲು ನೀವು ಏನು ಹೇಳಿದಿರಿ ಎಂಬುದನ್ನೂ ಬರೆಯಿರಿ. ತಮಾಷೆಯ ಬೇರು ಬಹಳ ಸಲ ಅಲ್ಲೇ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳೇ, ನೀವು ಚಿಕ್ಕವರಿದ್ದಾಗ ಏನೇನು ಹೇಳುತ್ತಿದ್ದಿರಿ ಎಂದು ಮನೆಯ ಹಿರಿಯರನ್ನು ಕೇಳಿ. ತಂಗಿ ತಮ್ಮಂದಿರನ್ನು ಅಣಕಿಸುವ ಮೊದಲು ಕೇಳಿದರೆ ಒಳ್ಳೆಯದು!

ರಜೆ ಮುಗಿದು ಎಲ್ಲರೂ ಹೊರಟ ದಿನ ನನ್ನ ಹೊಸ ನೋಟ್‌ಬುಕ್ ತೆರೆದೆ. ಕೊನೆಯ ಪುಟದಲ್ಲಿ ಮೊಮ್ಮಗನ ಕೈಬರಹ ಇತ್ತು. ಪುಟ್ಟಿ ಹೇಳಿದ್ದು, ಅವನು ಬರೆದದ್ದು: “ಅಜ್ಜ. ವಯಸ್ಸು 74. ಬೆಂಗಳೂರು ದೂರ ಇದೆ ಅಂತ ಫೋನಿನಲ್ಲಿ ಕೂಗಿ ಕೂಗಿ ಮಾತಾಡ್ತಾನೆ.”

ಅವತ್ತು ರಾತ್ರಿ ಅವರು ಊರು ಮುಟ್ಟಿದ ಫೋನು ಬಂತು. ಮೆಲ್ಲಗೆ ಮಾತಾಡಿದೆ. ಪುಟ್ಟಿ ಆ ಕಡೆಯಿಂದ ಕೇಳಿದಳು:

“ಅಜ್ಜಾ, ಹತ್ರ ಬಂದ್ಯಾ?”