ಬಲ್ಲರಾಟ್‌ನ ಮೂವತ್ತು ಷಿಲಿಂಗ್ ಚೀಟಿ

ಚಿನ್ನದ ಊರುಗಳ ಕತೆ ಸಾಮಾನ್ಯವಾಗಿ ಗಟ್ಟಿಯ ತೂಕದಿಂದ ಶುರುವಾಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಬಲ್ಲರಾಟ್‌ಗೂ ಆ ಹೆಮ್ಮೆ ಉಂಟು. 1858ರ ಜೂನ್‌ನಲ್ಲಿ ಅಲ್ಲಿನ ಬೇಕರಿ ಹಿಲ್‌ನ ಗಣಿಯೊಂದರಲ್ಲಿ ಸುಮಾರು 69 ಕಿಲೋ ತೂಗುವ ಒಂದೇ ಗಟ್ಟಿ ಸಿಕ್ಕಿತು. 'ವೆಲ್ಕಮ್ ನಗೆಟ್' ಎಂದು ಹೆಸರಿಟ್ಟು ಮೆರೆಸಿದರು. ಮರುವರ್ಷವೇ ಲಂಡನ್ನಿನಲ್ಲಿ ಕರಗಿಸಿ ನಾಣ್ಯ ಮಾಡಿದರು! ಆದರೆ ಆ ಊರಿನ ಇತಿಹಾಸಕ್ಕೆ ತಿರುವು ಕೊಟ್ಟದ್ದು ಅದಕ್ಕಿಂತ ನಾಲ್ಕು ವರ್ಷ ಹಿಂದೆ ಬೆಂಕಿಗೆ ಬಿದ್ದ ಕಾಗದದ ಚೀಟಿಗಳು.

ಬಲ್ಲರಾಟ್‌ನಲ್ಲಿ ಚಿನ್ನ ಕಂಡದ್ದು 1851ರ ಆಗಸ್ಟ್‌ನಲ್ಲಿ. ಅದು ವಾಡವುರಂಗ್ ಎಂಬ ಮೂಲನಿವಾಸಿಗಳ ನೆಲ. ಬಿಳಿಯರ ಕುರಿಮಂದೆಗಳು ಬಂದು ಹತ್ತು ಹದಿಮೂರು ವರ್ಷವಾಗಿತ್ತಷ್ಟೆ. ಸುದ್ದಿ ಹರಡಿದ್ದೇ ತಡ, ಗುಮಾಸ್ತರು ಕಚೇರಿ ಬಿಟ್ಟರು, ನಾವಿಕರು ಹಡಗು ಬಿಟ್ಟರು. 1851ರಲ್ಲಿ ಸುಮಾರು 77 ಸಾವಿರವಿದ್ದ ವಿಕ್ಟೋರಿಯಾದ ಜನಸಂಖ್ಯೆ ಹತ್ತೇ ವರ್ಷದಲ್ಲಿ ಐದು ಲಕ್ಷ ದಾಟಿತು.

ನಮ್ಮ ಕೋಲಾರದ ಚಿನ್ನ ಗಟ್ಟಿಬಂಡೆಯ ಒಡಲಲ್ಲಿತ್ತು. ಅದನ್ನು ತೆಗೆಯಲು ಜಾನ್ ಟೇಲರ್ ಕಂಪನಿಯ ಬಂಡವಾಳ, ಯಂತ್ರ ಎಲ್ಲವೂ ಬೇಕಾದವು. ಬಲ್ಲರಾಟ್‌ನ ಮೊದಲ ಚಿನ್ನ ಸಿಕ್ಕಿದ್ದು ಹಳ್ಳದ ಮರಳಿನಲ್ಲಿ, ಜೇಡಿಮಣ್ಣಿನಲ್ಲಿ. ಒಂದು ಸನಿಕೆ, ಒಂದು ತಟ್ಟೆ, ರಟ್ಟೆಯಲ್ಲಿ ಬಲ ಇದ್ದರಾಯಿತು. ಹಾಗಾಗಿ ಅಲ್ಲಿಗೆ ಬಂದವರು ಯಾರ ಕೂಲಿಗಳೂ ಅಲ್ಲ, ತಮಗೆ ತಾವೇ ಯಜಮಾನರು. ಮುಂದಿನ ಜಗಳದ ಬೀಜ ಇಲ್ಲೇ ಇದೆ.

ಸರ್ಕಾರ ಅಗೆಯುವವರ ಮೇಲೆ ತಿಂಗಳಿಗೆ 30 ಷಿಲಿಂಗ್ ಲೈಸೆನ್ಸ್ ಶುಲ್ಕ ಹೇರಿತು. ಚಿನ್ನ ಸಿಗಲಿ ಬಿಡಲಿ, ಹಣ ಕಟ್ಟಲೇಬೇಕು. 1854ರ ಹೊತ್ತಿಗೆ ಮೇಲುಮಣ್ಣಿನ ಚಿನ್ನ ಮುಗಿದು, ನೂರಾರು ಅಡಿ ಬಾವಿ ತೋಡಬೇಕಾಗಿತ್ತು. ಕಾಳು ಚಿನ್ನ ಕಾಣುವ ಮೊದಲೇ ತಿಂಗಳುಗಟ್ಟಲೆ ಶುಲ್ಕ ತೆತ್ತಾಗಿರುತ್ತಿತ್ತು. ಪೊಲೀಸರು ಬಂದು ಕೇಳಿದರೆ ಕೆಸರಿನ ಗುಂಡಿಯಿಂದ ಹತ್ತಿ ಬಂದು ಚೀಟಿ ತೋರಿಸಬೇಕು. ತೋರಿಸದಿದ್ದರೆ ದಂಡ. ಇಷ್ಟೆಲ್ಲ ತೆತ್ತವರಿಗೆ ಮತದಾನದ ಹಕ್ಕು ಮಾತ್ರ ಇಲ್ಲ!

ಅದೇ ಅಕ್ಟೋಬರ್‌ನಲ್ಲಿ ಯುರೇಕಾ ಹೋಟೆಲಿನ ಬಳಿ ಜೇಮ್ಸ್ ಸ್ಕೋಬಿ ಎಂಬ ಗಣಿಗನ ಕೊಲೆಯಾಯಿತು. ಆರೋಪ ಹೊತ್ತ ಹೋಟೆಲ್ ಮಾಲೀಕನನ್ನು ಸ್ಥಳೀಯ ಅಧಿಕಾರಿಗಳು ಬಿಟ್ಟುಬಿಟ್ಟರು. ರೊಚ್ಚಿಗೆದ್ದ ಜನ ಹೋಟೆಲನ್ನೇ ಸುಟ್ಟರು. ನವೆಂಬರ್ 29ರಂದು ಬೇಕರಿ ಹಿಲ್‌ನಲ್ಲಿ ಸಭೆ ಸೇರಿ ಲೈಸೆನ್ಸ್ ಚೀಟಿಗಳನ್ನು ಬೆಂಕಿಗೆ ಹಾಕಿದರು. ಪೀಟರ್ ಲಾಲರ್ ಎಂಬ ಐರಿಷ್ ಯುವಕ ಮುಂದಾಳಾದ. ಮರದ ದಿಮ್ಮಿಗಳ ಕೋಟೆ ಎದ್ದಿತು. ಡಿಸೆಂಬರ್ 3, ಭಾನುವಾರ ನಸುಕಿನಲ್ಲಿ ಸೈನಿಕರು ನುಗ್ಗಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಸುಮಾರು ಮೂವತ್ತು ಜನ ಸತ್ತರು, ಹೆಚ್ಚಿನವರು ಗಣಿಗರು.

ಸೋತವರೇ ಗೆದ್ದದ್ದು ಇಲ್ಲಿನ ಸೋಜಿಗ. ರಾಜದ್ರೋಹದ ಆರೋಪ ಹೊತ್ತ ಹದಿಮೂರು ಮಂದಿಯನ್ನೂ ಮೆಲ್ಬರ್ನ್‌ನ ಜ್ಯೂರಿಗಳು ಬಿಡುಗಡೆ ಮಾಡಿದರು. ಮೊದಲು ಬಿಡುಗಡೆಯಾದವನು ಜಾನ್ ಜೋಸೆಫ್ ಎಂಬ ಅಮೆರಿಕದ ಕರಿಯ. 1855ರಲ್ಲಿ ಲೈಸೆನ್ಸ್ ರದ್ದಾಗಿ, ವರ್ಷಕ್ಕೆ ಒಂದು ಪೌಂಡಿನ 'ಗಣಿಗನ ಹಕ್ಕು' ಪತ್ರ ಬಂತು. ಅದರ ಜೊತೆಗೆ ಮತವೂ ಬಂತು. ಕಾದಾಟದಲ್ಲಿ ಎಡಗೈ ಕಳೆದುಕೊಂಡ ಲಾಲರ್ ಅದೇ ವರ್ಷ ಶಾಸನಸಭೆ ಪ್ರವೇಶಿಸಿ, ಮುಂದೆ ಸ್ಪೀಕರ್ ಕೂಡ ಆದ.

ಶಾಲಾ ಪುಸ್ತಕಗಳು ಇಲ್ಲಿಗೆ ನಿಲ್ಲಿಸಲು ಇಷ್ಟಪಡುತ್ತವೆ. ಆದರೆ ಲೈಸೆನ್ಸ್ ತೆಗೆಯಿರಿ ಎಂದ ವಿಚಾರಣಾ ಆಯೋಗವೇ ಅದೇ ವರದಿಯಲ್ಲಿ ಚೀನೀಯರ ಬರವಿಗೆ ತಡೆ ಹಾಕಿ ಎಂದೂ ಹೇಳಿತ್ತು. 1855ರ ಕಾನೂನಿನಂತೆ ವಿಕ್ಟೋರಿಯಾದ ಬಂದರಿಗೆ ಇಳಿಯುವ ಪ್ರತಿ ಚೀನೀಯನಿಗೆ ಹತ್ತು ಪೌಂಡ್ ತಲೆಗಂದಾಯ. ಹಡಗುಗಳು ಉಪಾಯ ಹೂಡಿ ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಎಂಬ ಪುಟ್ಟ ಬಂದರಿನಲ್ಲಿ ಜನರನ್ನು ಇಳಿಸಿದವು. ಅಲ್ಲಿಂದ ಸಾವಿರಾರು ಚೀನೀಯರು ಬಿದಿರ ಅಡ್ಡೆ ಹೊತ್ತು, ಸಾಲು ಹಿಡಿದು, ನೂರಾರು ಕಿಲೋಮೀಟರ್ ನಡೆದರು. ದಾರಿಯಲ್ಲಿ ಸತ್ತವರುಂಟು. 1857ರಲ್ಲಿ ಹೀಗೆ ನಡೆದು ಬಂದ ಒಂದು ತಂಡಕ್ಕೆ ಹಾದಿಯಲ್ಲೇ ಚಿನ್ನ ಸಿಕ್ಕಿ, ಅರಾರಟ್ ಎಂಬ ಊರು ಬೆಳೆಯಿತು.

ಇಂದಿನ ಬಲ್ಲರಾಟ್‌ನಲ್ಲಿ ಆ ಕಾಲದ ಬೀದಿಗಳಿವೆ, ಭವ್ಯ ಕಟ್ಟಡಗಳಿವೆ. 1870ರಲ್ಲಿ ಆರಂಭವಾದ ಗಣಿಶಾಲೆ ಈಗ ವಿಶ್ವವಿದ್ಯಾಲಯದ ಭಾಗ. 1970ರಲ್ಲಿ ತೆರೆದ 'ಸಾವರಿನ್ ಹಿಲ್' ಬಯಲು ವಸ್ತುಸಂಗ್ರಹಾಲಯದಲ್ಲಿ ಶಾಲಾಮಕ್ಕಳು 1850ರ ದಶಕದ ಉಡುಪು ತೊಟ್ಟು, ಶಾಯಿದೌತಿಗೆ ಲೇಖನಿ ಅದ್ದಿ ಬರೆಯುತ್ತಾರೆ. ಪಾಠ ಹೇಳುವ ವಿಧಾನವೆಂದರೆ ಇದು! ಯುರೇಕಾದ ನೀಲಿ ಧ್ವಜದ ಪಾಡು ಬೇರೆ: ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಚೂರು ಕತ್ತರಿಸಿಕೊಂಡು, ಉಳಿದ ಹರಕು ಬಟ್ಟೆಯೇ ಈಗ ಊರಿನ ಅತಿ ಬೆಲೆಬಾಳುವ ಆಸ್ತಿ.

ಚೀನೀಯರ ದಾರಿಗೆ ಇಂಥ ಗೌರವ ಸಿಗಲು ಬಹಳ ಕಾಲ ಹಿಡಿಯಿತು. 2017ರ ಮೇ ತಿಂಗಳಲ್ಲಿ ಚೀನೀ ಮೂಲದ ಒಂದು ಗುಂಪು ರೋಬ್‌ನಿಂದ ಮೆಲ್ಬರ್ನ್‌ವರೆಗೆ ಮತ್ತೆ ನಡೆಯಿತು. ಅವರು ತಲುಪಿದಾಗ ವಿಕ್ಟೋರಿಯಾದ ಪ್ರೀಮಿಯರ್ ಡೇನಿಯಲ್ ಆಂಡ್ರೂಸ್, ಆ ತಲೆಗಂದಾಯಕ್ಕಾಗಿ ಕ್ಷಮೆ ಕೇಳಿದರು.