ನಿಮಗಿದು ಗೊತ್ತೆ? ಅಂದಕ್ಕೂ ಮೊದಲು ರಕ್ತಪರೀಕ್ಷೆ

ಮೂಗು ತಿದ್ದಿಸಲು, ಹೊಟ್ಟೆಯ ಬೊಜ್ಜು ತೆಗೆಸಲು ಹೋದವರಿಗೂ ಶಸ್ತ್ರಚಿಕಿತ್ಸೆಗೆ ಮುನ್ನ ಕೆಲವು ಪರೀಕ್ಷೆಗಳು ಬೇಕಾಗುತ್ತವೆ. ಹಿಮೋಗ್ಲೋಬಿನ್ ಎಷ್ಟಿದೆ, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಮಧುಮೇಹಿಗಳಿಗೆ ಎಚ್‌ಬಿಎ1ಸಿ ಪರೀಕ್ಷೆ: ಹಿಂದಿನ 2–3 ತಿಂಗಳ ಸಕ್ಕರೆಯ ಸರಾಸರಿ ಇದರಲ್ಲಿ ತಿಳಿಯುತ್ತದೆ. ಸಕ್ಕರೆ ಹೆಚ್ಚಿದ್ದರೆ ಗಾಯ ಬೇಗ ಮಾಯುವುದಿಲ್ಲ. ವಯಸ್ಸಾದವರಿಗೆ, ಹೃದ್ರೋಗ ಇರುವವರಿಗೆ ಇಸಿಜಿಯೂ ಬೇಕಾಗಬಹುದು.

ಕುತೂಹಲದ್ದೆಂದರೆ ಕೊಟಿನಿನ್ ಪರೀಕ್ಷೆ. ದೇಹದೊಳಗೆ ಹೋದ ನಿಕೋಟಿನ್ ಮಾರ್ಪಟ್ಟು ಉಂಟಾಗುವ ಈ ವಸ್ತು ಕೆಲವು ದಿನ ರಕ್ತ, ಮೂತ್ರದಲ್ಲಿ ಉಳಿಯುತ್ತದೆ. ‘ಸಿಗರೇಟು ಬಿಟ್ಟೆ’ ಎಂದವರ ಮಾತಿಗೆ ಇದೇ ಸಾಕ್ಷಿ! ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ, ಹೊಲಿಗೆ ಹಾಕಿದ ಚರ್ಮಕ್ಕೆ ರಕ್ತ ಸಾಲದೆ ಅದು ಸತ್ತುಹೋಗಬಹುದು. ಅದಕ್ಕೇ ಸಾಮಾನ್ಯವಾಗಿ 4 ವಾರ ಮೊದಲೇ ಧೂಮಪಾನ ಬಿಡಲು ವೈದ್ಯರು ಹೇಳುತ್ತಾರೆ.