ಟಿ.ಬಿ. ಮುಗಿಯಲಿ ಎಂದು ಎಚ್‌ಐವಿ ಕಾಯುವುದಿಲ್ಲ

"ಟಿ.ಬಿ. ಐತಿ ಅಂದ್ರ ಆ ಇನ್ನೊಂದು ಜಡ್ಡೂ ಇರ್ತೈತಿ." ಅಂಜನಾದ್ರಿ ಬೆಟ್ಟದ ಬುಡದ ಹನುಮನಹಳ್ಳಿಯೇ ಇರಲಿ, ಕುಷ್ಟಗಿ-ಯಲಬುರ್ಗಾ ಕಡೆಯ ಎರೆಹೊಲದ ಊರುಗಳೇ ಇರಲಿ, ಈ ಒಂದು ಮಾತಿಗೆ ಅಂಜಿ ಕಫ ಪರೀಕ್ಷೆಗೇ ಹೋಗದವರಿದ್ದಾರೆ. ಮಾತು ಸುಳ್ಳು. ಕ್ಷಯ ತರುವುದು ಒಂದು ಬ್ಯಾಕ್ಟೀರಿಯಾ. 1882ರಲ್ಲಿ ರಾಬರ್ಟ್ ಕಾಕ್ ಅದನ್ನು ಗುರುತಿಸಿದರು. ಅದು ಗಾಳಿಯಲ್ಲಿ ಹರಡುತ್ತದೆ. ಎಚ್‌ಐವಿ ಒಂದು ವೈರಸ್ಸು. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ-ಸೂಜಿ, ತಾಯಿಯಿಂದ ಮಗು, ಇವೇ ಅದರ ದಾರಿಗಳು. ದೇಶದಲ್ಲಿ ನೂರು ಮಂದಿ ಕ್ಷಯರೋಗಿಗಳನ್ನು ಪರೀಕ್ಷಿಸಿದರೆ ಎಚ್‌ಐವಿ ಕಾಣುವುದು ಎರಡು-ಮೂರು ಮಂದಿಯಲ್ಲಿ.

ಹಾಗಾದರೆ ಟಿ.ಬಿ. ಬಂದವರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳುವುದೇಕೆ? ನಡತೆಯ ಮೇಲಿನ ಅನುಮಾನದಿಂದ ಖಂಡಿತ ಅಲ್ಲ. ಕ್ಷಯದ ಸೋಂಕು ತಗುಲಿದವರಲ್ಲಿ ಬಹುತೇಕರಿಗೆ ರೋಗ ಬರುವುದೇ ಇಲ್ಲ. ದೇಹ ಅದನ್ನು ಅದುಮಿಟ್ಟಿರುತ್ತದೆ. ಇಡೀ ಬಾಳಿನಲ್ಲಿ ಅದು ರೋಗವಾಗುವ ಸಾಧ್ಯತೆ ನೂರಕ್ಕೆ 5ರಿಂದ 10. ಅದೇ ಎಚ್‌ಐವಿಗೆ ಚಿಕಿತ್ಸೆ ಪಡೆಯದವರಲ್ಲಿ ಒಂದೊಂದು ವರ್ಷಕ್ಕೇ ಹತ್ತಿರ ಹತ್ತಿರ 10. ಜಗತ್ತಿನಲ್ಲಿ ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಕೊಲ್ಲುವ ರೋಗ ಕ್ಷಯವೇ. ಈ ನಂಟು ಅರಿತೇ 2001ರಲ್ಲಿ ಟಿ.ಬಿ. ಮತ್ತು ಎಚ್‌ಐವಿ ನಿಯಂತ್ರಣ ಕಾರ್ಯಕ್ರಮಗಳನ್ನು ಜೋಡಿಸುವ ಕೆಲಸ ಆರು ರಾಜ್ಯಗಳಲ್ಲಿ ಶುರುವಾಯಿತು, ಅದರಲ್ಲಿ ಕರ್ನಾಟಕವೂ ಒಂದು. ಆ ದಶಕದಲ್ಲಿ ನಮ್ಮ ಕೊಪ್ಪಳ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಸಂರಕ್ಷದಂಥ ಸ್ವಯಂಸೇವಾ ಸಂಸ್ಥೆಗಳು ಇಲ್ಲಿನ ಹಳ್ಳಿಗಳಲ್ಲಿ ಓಡಾಡಿ ಎಚ್‌ಐವಿ ಕುರಿತು ಕೆಲಸ ಮಾಡಿದವು.

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವ ನಂಬಿಕೆ ಬೇರೆ ಇದೆ: "ಮೊದಲ ಟಿ.ಬಿ. ಮುಗೀಲಿ, ಆಮ್ಯಾಲ ಎಚ್‌ಐವಿ ಗುಳಿಗಿ ಚಾಲೂ ಮಾಡೋಣ." ಕೇಳಲು ವಿವೇಕದ ಮಾತಿನಂತಿದೆ. ಅಷ್ಟೊಂದು ಗುಳಿಗೆ ಒಟ್ಟಿಗೆ ನುಂಗಿದರೆ ದೇಹ ತಾಳೀತೇ ಎಂಬ ಅಂಜಿಕೆಯೂ ಸಹಜವೇ. ಒಂದು ಕಾಲಕ್ಕೆ ವೈದ್ಯರಲ್ಲೂ ಈ ಗೊಂದಲವಿತ್ತು. ಅದನ್ನು ತೀರಿಸಿದ್ದರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದ ಅಧ್ಯಯನದ ಪಾಲು ದೊಡ್ಡದು. ಎರಡೂ ಸೋಂಕಿದ್ದ 642 ಮಂದಿಯಲ್ಲಿ ಕೆಲವರಿಗೆ ಟಿ.ಬಿ. ಚಿಕಿತ್ಸೆ ನಡೆಯುವಾಗಲೇ ಎಚ್‌ಐವಿ ಔಷಧಿ ಕೊಟ್ಟರು, ಉಳಿದವರಿಗೆ ಟಿ.ಬಿ. ಮುಗಿದ ಮೇಲೆ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಟ್ಟಿಗೆ ಪಡೆದವರಲ್ಲಿ ಸಾವು ನೂರಕ್ಕೆ 56ರಷ್ಟು ಕಡಿಮೆ. ಆರು ತಿಂಗಳು ಕಾಯಿಸಿದ್ದರಿಂದಲೇ ಜೀವಗಳು ಹೋಗುತ್ತಿದ್ದವು. ಈಗಿನ ನಿಯಮದಂತೆ ಟಿ.ಬಿ. ಔಷಧಿ ಶುರುವಾದ 2 ವಾರದೊಳಗೆ ಎಚ್‌ಐವಿಯ ಎಆರ್‌ಟಿ ಔಷಧಿಯೂ ಶುರುವಾಗಬೇಕು. ಮಿದುಳಿನ ಪೊರೆಗೆ ಕ್ಷಯ ತಗುಲಿದ್ದರೆ ಮಾತ್ರ 4ರಿಂದ 8 ವಾರ ತಡೆಯುತ್ತಾರೆ.

ಆದರೆ ಎರಡು ಕಡೆ ಎರಡು ಚೀಟಿ ಬರೆಸಿಕೊಂಡು ಎರಡು ಚೀಲ ಗುಳಿಗೆ ತಂದರೆ ಆಗದು. ಟಿ.ಬಿ.ಯ ಮುಖ್ಯ ಔಷಧಿ ರಿಫಾಂಪಿಸಿನ್, ಎಚ್‌ಐವಿಯ ಡೊಲುಟೆಗ್ರಾವಿರ್ ಔಷಧಿಯನ್ನು ದೇಹದಿಂದ ಬೇಗ ಖಾಲಿ ಮಾಡಿಸುತ್ತದೆ. ಆದ್ದರಿಂದ ರಾತ್ರಿ ಎಂಟಕ್ಕೆ ಎಂದಿನ ಎಚ್‌ಐವಿ ಗುಳಿಗೆ ನುಂಗುವವರು ಬೆಳಿಗ್ಗೆ ಎಂಟಕ್ಕೆ ಡೊಲುಟೆಗ್ರಾವಿರ್ 50 ಮಿ.ಗ್ರಾಂನ ಇನ್ನೊಂದು ಗುಳಿಗೆ ನುಂಗಬೇಕಾಗುತ್ತದೆ. ಟಿ.ಬಿ. ನೋಡುವವರಿಗೆ ಎಚ್‌ಐವಿ ಗೊತ್ತಿಲ್ಲದಿದ್ದರೆ, ಎಚ್‌ಐವಿ ನೋಡುವವರಿಗೆ ಟಿ.ಬಿ. ಗೊತ್ತಿಲ್ಲದಿದ್ದರೆ, ತಪ್ಪಿಹೋಗುವುದು ಈ ಒಂದು ಗುಳಿಗೆಯೇ. ಎಆರ್‌ಟಿ ಕೇಂದ್ರದಲ್ಲೇ ಟಿ.ಬಿ. ಔಷಧಿಯನ್ನೂ ಕೊಡುವ ಏರ್ಪಾಡು ಬಂದದ್ದು ಅದಕ್ಕೇ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ರಿಫಾಂಪಿಸಿನ್ ಬಣ್ಣ, ರಕ್ತವಲ್ಲ. ಎಆರ್‌ಟಿ ಶುರುವಾದ ಕೆಲವು ವಾರಕ್ಕೆ ಜ್ವರ ಮರಳಿದರೆ, ಕುತ್ತಿಗೆಯ ಗಂಟು ಊದಿದರೆ "ಔಷಧಿ ಉರಿ ಮಾಡಿತು" ಎಂದು ನಿಲ್ಲಿಸುವವರೂ ಇದ್ದಾರೆ. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ರೋಗಾಣುವಿನ ಮೇಲೆ ಏರಿಹೋಗುವಾಗಲೂ ಹೀಗಾಗುತ್ತದೆ. ಗುಳಿಗೆ ಬಿಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

"ಕಫದಾಗ ಏನೂ ಬಂದಿಲ್ಲ, ಟಿ.ಬಿ. ಇಲ್ಲ." ಎಚ್‌ಐವಿ ಇರುವವರ ವಿಷಯದಲ್ಲಿ ಇದನ್ನು ನಂಬಿ ಕೂರಬಾರದು. ಅವರ ಕಫದಲ್ಲಿ ರೋಗಾಣು ಕಡಿಮೆ ಇರಬಹುದು, ಸೂಕ್ಷ್ಮದರ್ಶಕಕ್ಕೆ ಸಿಗದೇ ಹೋಗಬಹುದು. ರೋಗ ಕುತ್ತಿಗೆಯ ಗಂಟಿನಲ್ಲೋ ಹೊಟ್ಟೆಯಲ್ಲೋ ಅಡಗಿರಬಹುದು. ಟ್ರೂನ್ಯಾಟ್, ಸಿಬಿನ್ಯಾಟ್ ಯಂತ್ರಗಳು ರೋಗಾಣುವಿನ ವಂಶವಾಹಿಯನ್ನೇ ಹುಡುಕುವುದರಿಂದ ಆ ಪರೀಕ್ಷೆಯನ್ನೇ ಕೇಳಬೇಕು. ಎರಡು ವಾರ ಕೆಮ್ಮಿದ ಮೇಲೆ ದವಾಖಾನೆ ಎಂಬ ಲೆಕ್ಕವೂ ಇವರಿಗಲ್ಲ. ಒಂದೇ ದಿನದ ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಇವುಗಳಲ್ಲಿ ಯಾವುದೊಂದು ಕಂಡರೂ ಸಾಕು.

ತಟ್ಟೆ-ಲೋಟ ಬೇರೆ ಇಡುವುದರಿಂದ ಟಿ.ಬಿ.ಯನ್ನಾಗಲಿ ಎಚ್‌ಐವಿಯನ್ನಾಗಲಿ ತಡೆಯಲಾಗದು. ಕಿಟಕಿ ತೆರೆದಿಟ್ಟು ಗಾಳಿ ಆಡಲು ಬಿಡುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು ಟಿ.ಬಿ.ಯನ್ನು ತಡೆಯುತ್ತದೆ.

"ಜಡ್ಡ ಇಲ್ಲದಾಗ ಗುಳಿಗಿ ಯಾಕ?" ಎಂಬುದು ಟಿ.ಬಿ. ತಡೆ ಗುಳಿಗೆ ಕೊಟ್ಟಾಗ ಎಚ್‌ಐವಿ ಇರುವವರು ಕೇಳುವ ನ್ಯಾಯವಾದ ಪ್ರಶ್ನೆ. ಟಿ.ಬಿ. ಇಲ್ಲವೆಂದು ಖಚಿತವಾದಾಗಲೇ ಕೊಡುವ ತಡೆ ಚಿಕಿತ್ಸೆ ಅದು: ಐಸೋನಿಯಾಜಿಡ್ ದಿನವೂ 6 ತಿಂಗಳು, ಇಲ್ಲವೇ ರಿಫಾಪೆಂಟಿನ್ ಜೊತೆಗೂಡಿಸಿ ವಾರಕ್ಕೊಮ್ಮೆ 12 ವಾರ. ಒಳಗೆ ಅಡಗಿದ ರೋಗಾಣು ತಲೆ ಎತ್ತುವ ಮೊದಲೇ ಕೊಲ್ಲುವುದು ಅದರ ಕೆಲಸ.

ಇನ್ನು ನಮ್ಮ ಭಾಗದ್ದೇ ಆದ ಮಾತು: "ಗುಳೆ ಹೊಂಟ್ರ ಗುಳಿಗಿ ಎಲ್ಲಿ ಸಿಗ್ತಾವು?" ಬೆಂಗಳೂರು, ಮಂಗಳೂರು, ಗೋವಾ ಎಲ್ಲಿಗೇ ಹೋದರೂ ಸಿಗುತ್ತವೆ. ಟಿ.ಬಿ. ರೋಗಿಗೆ ಕೊಡುವ ನಿಕ್ಷಯ್ ನಂಬರ್, ಎಆರ್‌ಟಿ ಪುಸ್ತಕ ಜೊತೆಗಿಟ್ಟುಕೊಂಡು, ಹೊರಡುವ ಮುಂಚೆ ಕೇಂದ್ರಕ್ಕೆ ತಿಳಿಸಿದರೆ ಹೋದ ಊರಿಗೆ ವರ್ಗ ಮಾಡಿಕೊಡುತ್ತಾರೆ. ಟಿ.ಬಿ. ರೋಗಿಯ ಊಟಕ್ಕೆಂದು ಬ್ಯಾಂಕ್ ಖಾತೆಗೆ ಬರುವ ತಿಂಗಳ ಹಣ 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ.

ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯಕ್ಕೆ ಕಾನೂನಿನ ಉತ್ತರವಿದೆ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಹೇಳುವಂತಿಲ್ಲ, ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಎಚ್‌ಐವಿ ಪರೀಕ್ಷಾ ಕೇಂದ್ರವಾದ ಐಸಿಟಿಸಿಯ ಆಪ್ತ ಸಮಾಲೋಚಕರ ಮುಂದೆ ಕೂತು ಕೇಳಲು ಇನ್ನೂ ಹಿಂಜರಿಕೆಯಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು, ಟಿ.ಬಿ. ವಿಚಾರಕ್ಕೆ 1800-11-6666.